ಮಾತೇ ಮದ್ದಾಗುವ ಬಗೆ: ಮನೋಚಿಕಿತ್ಸಕರ ಕೆಲಸವನ್ನು ಅರಿಯೋಣ

‘ಮುಕ್ಕಾಲು ಗಂಟೆ ಮಾತಾಡಿಸಿ ಕಳಿಸಿಬಿಟ್ಟರು. ಒಂದು ಮಾತ್ರೆ ಬರೆದುಕೊಡಲಿಲ್ಲ. ಹೀಗೆ ಮಾಡಿ, ಹಾಗೆ ಮಾಡಿ ಎಂದು ಬುದ್ಧಿಮಾತನ್ನೂ ಹೇಳಲಿಲ್ಲ. ಬರೀ ಮಾತಾಡುವುದಕ್ಕೆ ಅಷ್ಟು ದೂರ ಹೋಗಬೇಕಿತ್ತೆ?’

ಮನೋಚಿಕಿತ್ಸಕರನ್ನು ಮೊದಲ ಸಲ ಕಂಡುಬಂದ ಅನೇಕರು ಮನೆಯಲ್ಲಿ ಆಡುವ ಮಾತು ಇದು. ಇದಕ್ಕೆ ಅವರನ್ನು ದೂರುವಂತಿಲ್ಲ. ಜ್ವರವೆಂದು ಡಾಕ್ಟರ ಬಳಿ ಹೋದರೆ ಅವರು ನಾಲಿಗೆ ನೋಡುತ್ತಾರೆ, ಎದೆಗೆ ಸ್ಟೆತಾಸ್ಕೋಪ್ ಇಡುತ್ತಾರೆ, ಚೀಟಿ ಬರೆಯುತ್ತಾರೆ. ಅಲ್ಲಿ ಏನು ನಡೆಯುತ್ತದೆಂದು ನಮಗೆ ಚಿಕ್ಕಂದಿನಿಂದಲೂ ಗೊತ್ತು. ಮನೋಚಿಕಿತ್ಸಕರ ಕೋಣೆಯಲ್ಲಿ ಇರುವುದು ಎರಡು ಕುರ್ಚಿ, ಒಂದು ಮೇಜು. ಅಲ್ಲಿ ನಡೆಯುವ ಕೆಲಸ ಕಣ್ಣಿಗೆ ಕಾಣುವುದಿಲ್ಲ. ಕಾಣದ ಕೆಲಸದಲ್ಲಿ ನಂಬಿಕೆ ಹುಟ್ಟುವುದು ಕಷ್ಟ. ಹೀಗಾಗಿ ಎರಡನೆಯ ಅಥವಾ ಮೂರನೆಯ ಭೇಟಿಯ ಹೊತ್ತಿಗೆ ಹೋಗುವುದೇ ನಿಂತುಹೋಗುತ್ತದೆ, ಕಾಯಿಲೆ ಮಾತ್ರ ಹಾಗೇ ಉಳಿಯುತ್ತದೆ.

ತೆರೆಯ ಮೇಲಿನ ಮಾತುಕತೆಯಲ್ಲಿ ಸಮಯದ ಮಿತಿ ಇರುತ್ತದೆ. ಆದ್ದರಿಂದ ಮನೋಚಿಕಿತ್ಸಕರು ಏನು ಮಾಡುತ್ತಾರೆ, ಏಕೆ ಹಾಗೆ ಮಾಡುತ್ತಾರೆ, ಅದನ್ನು ಕೇಳಿ ತಿಳಿದುಕೊಳ್ಳುವ ಹಕ್ಕು ನಿಮಗೆ ಎಷ್ಟಿದೆ ಎಂಬುದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ನೋಡೋಣ.

ಕೋಟದ ಪಾಠ

ಮನಸ್ಸಿನ ಬೇನೆಗೆ ಚಿಕಿತ್ಸೆ ನಮ್ಮ ನಾಡಿಗೆ ಹೊಸದಲ್ಲ. ಜಿ. ಎಂ. ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಎಂಬ ಇಬ್ಬರು ಮನೋವೈದ್ಯರು ಈಗಿನ ಉಡುಪಿ ಜಿಲ್ಲೆಗೆ ಸೇರಿದ ಕೋಟದಲ್ಲಿ ಅಧ್ಯಯನ ನಡೆಸಿ, 1976ರಲ್ಲಿ ಅದನ್ನು ಪುಸ್ತಕವಾಗಿ ಪ್ರಕಟಿಸಿದರು. ಅಲ್ಲಿ ಅವರು ಮೂರು ಬಗೆಯ ಸಾಂಪ್ರದಾಯಿಕ ಚಿಕಿತ್ಸಕರನ್ನು ಕಂಡರು. ವೈದ್ಯರು ದೇಹದ ದೋಷಗಳು ಏರುಪೇರಾಗಿವೆ ಎಂದು ಬೇರು-ನಾರಿನ ಔಷಧ ಕೊಡುತ್ತಿದ್ದರು. ಮಂತ್ರವಾದಿಗಳು ಗ್ರಹಗತಿ ನೋಡಿ ತಾಯಿತ ಕಟ್ಟುತ್ತಿದ್ದರು. ಪಾತ್ರಿಗಳು ದೈವದ ಆವೇಶ ಬಂದಾಗ ನುಡಿಕೊಡುತ್ತಿದ್ದರು.

ಈ ಮೂವರ ವಿಧಾನಗಳ ಸರಿ-ತಪ್ಪಿನ ಚರ್ಚೆ ಇಲ್ಲಿ ಬೇಡ. ಗಮನಿಸಬೇಕಾದ ಅಂಶ ಬೇರೆಯದು. ಪಾತ್ರಿಯ ಮುಂದೆ ಕುಳಿತ ಮನೆಯವರಿಗೆ ಮುಂದೆ ಏನು ನಡೆಯುತ್ತದೆ, ತಾವು ಏನು ಮಾಡಬೇಕು ಎಂಬುದು ಮೊದಲೇ ತಿಳಿದಿರುತ್ತದೆ. ಅಜ್ಜ-ಅಜ್ಜಿಯರಿಂದ ಬಂದ ತಿಳಿವಳಿಕೆ ಅದು. ಆಧುನಿಕ ಮನೋಚಿಕಿತ್ಸಕರ ಕೋಣೆಗೆ ಹೋಗುವವರಿಗೆ ಅಂಥ ತಿಳಿವಳಿಕೆಯನ್ನು ಕೊಟ್ಟವರು ಯಾರೂ ಇಲ್ಲ. ಹಾಗಾಗಿ ಅದನ್ನು ಕೇಳಿಯೇ ಪಡೆಯಬೇಕು.

ಯಾರು ಯಾರು?

ಮೊದಲು ಹೆಸರುಗಳ ಗೊಂದಲ ಕಳೆಯೋಣ. ಮನೋವೈದ್ಯರು ಎಂ.ಬಿ.ಬಿ.ಎಸ್. ಮುಗಿಸಿ ಮನೋವೈದ್ಯಶಾಸ್ತ್ರದಲ್ಲಿ ಉನ್ನತ ಶಿಕ್ಷಣ ಪಡೆದ ಡಾಕ್ಟರು. ಔಷಧ ಬರೆಯುವವರು ಇವರು. ಕ್ಲಿನಿಕಲ್ ಸೈಕಾಲಜಿಸ್ಟ್, ಅಂದರೆ ಚಿಕಿತ್ಸಾ ಮನೋವಿಜ್ಞಾನಿ, ಮನೋವಿಜ್ಞಾನ ಓದಿ, ಆಸ್ಪತ್ರೆಯಲ್ಲಿ ತರಬೇತಿ ಪಡೆದು, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಂಡವರು. ಇವರ ಮುಖ್ಯ ಸಾಧನ ಮಾತು ಮತ್ತು ಅಭ್ಯಾಸ. ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು ಮನೆ, ಉದ್ಯೋಗ, ಸಂಬಂಧಗಳ ಕಡೆಯಿಂದ ಸಮಸ್ಯೆಯನ್ನು ನೋಡುತ್ತಾರೆ. ಆಪ್ತ ಸಮಾಲೋಚಕರು ಶಾಲೆ, ಕಾಲೇಜು, ದಾಂಪತ್ಯ ಮೊದಲಾದ ಬದುಕಿನ ತೊಡಕುಗಳಲ್ಲಿ ನೆರವಾಗುತ್ತಾರೆ.

ಬೆಂಗಳೂರಿನಲ್ಲಿ 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್‌ನಂಥ ಸಂಸ್ಥೆಯಲ್ಲಿ ಇವರು ಒಂದೇ ತಂಡವಾಗಿ ಕೆಲಸ ಮಾಡುತ್ತಾರೆ. ಒಬ್ಬರು ಇನ್ನೊಬ್ಬರ ಬಳಿಗೆ ಕಳಿಸಿದರೆ ‘ನನ್ನ ಕೇಸು ಕೈಬಿಟ್ಟರು’ ಎಂದು ಅಂದುಕೊಳ್ಳಬೇಡಿ. ತೀವ್ರ ಖಿನ್ನತೆಯಂಥ ಕಾಯಿಲೆಗಳಲ್ಲಿ ಔಷಧ ಮತ್ತು ಮಾತು ಎರಡೂ ಬೇಕಾಗುವುದುಂಟು.

ಮೊದಲ ಭೇಟಿಯ ಪ್ರಶ್ನೆಗಳು

ಮೊದಲ ಒಂದೆರಡು ಭೇಟಿಗಳಲ್ಲಿ ಚಿಕಿತ್ಸಕರು ಬಹಳ ಪ್ರಶ್ನೆ ಕೇಳುತ್ತಾರೆ. ನಿದ್ದೆ ಹೇಗಿದೆ? ಊಟ ಸೇರುತ್ತದೆಯೆ? ಎಂದಿನಿಂದ ಹೀಗೆ? ಅದಕ್ಕೆ ಮುಂಚೆ ಮನೆಯಲ್ಲಿ ಏನಾದರೂ ಆಗಿತ್ತೆ? ಬಾಲ್ಯ ಹೇಗಿತ್ತು? ವಂಶದಲ್ಲಿ ಯಾರಿಗಾದರೂ ಇಂಥ ತೊಂದರೆ ಇತ್ತೆ? ಕುಡಿತ, ಹೊಗೆಸೊಪ್ಪು ಉಂಟೆ? ಸಾಯಬೇಕು ಎಂಬ ಯೋಚನೆ ಬಂದಿದೆಯೆ?

‘ತಲೆನೋವು ಎಂದು ಹೋದರೆ ನಮ್ಮ ಮಾವನವರ ವಿಷಯ ಏಕೆ ಕೇಳುತ್ತಾರೆ?’ ಎಂದು ನಿಮಗೆ ಕಿರಿಕಿರಿಯಾಗಬಹುದು. ಚಿಕಿತ್ಸಕರಿಗೆ ಎಕ್ಸ್‌ರೇ ಯಂತ್ರವಿಲ್ಲ. ಈ ಉತ್ತರಗಳಿಂದಲೇ ಅವರು ತೊಂದರೆಯ ನಕ್ಷೆ ಬರೆದುಕೊಳ್ಳಬೇಕು. ತೊಂದರೆ ಎಲ್ಲಿ ಹುಟ್ಟಿತು, ಯಾವುದರಿಂದ ಬೆಳೆಯುತ್ತಿದೆ, ಯಾವುದು ಅದನ್ನು ಹೋಗಗೊಡುತ್ತಿಲ್ಲ ಎಂಬ ಮೂರು ಸಂಗತಿ ಆ ನಕ್ಷೆಯಲ್ಲಿರುತ್ತವೆ. ಕೆಲವೊಮ್ಮೆ ರಕ್ತಪರೀಕ್ಷೆಗೂ ಕಳಿಸಬಹುದು. ಥೈರಾಯ್ಡ್ ಗ್ರಂಥಿಯ ಕೆಲಸ ಕುಂದಿದಾಗ ಬರುವ ಆಯಾಸ, ಮಂಕು, ಬೇಸರ ಖಿನ್ನತೆಯಂತೆಯೇ ಕಾಣುತ್ತವೆ. ಅದನ್ನು ಮಾತಿನಿಂದ ಗುಣಪಡಿಸಲಾಗದು.

ಸಾವಿನ ಯೋಚನೆಯ ಬಗ್ಗೆ ಕೇಳಿದರೆ ಗಾಬರಿಯಾಗಬೇಡಿ. ಕೇಳುವುದರಿಂದ ಆ ಯೋಚನೆ ತಲೆಗೆ ಹೊಕ್ಕುವುದಿಲ್ಲ. ಈಗಾಗಲೇ ಇದ್ದರೆ ಅದನ್ನು ಹೇಳಿಕೊಳ್ಳಲು ದಾರಿಯಾಗುತ್ತದೆ.

ಹೆದರಿಕೆಗೆ ಮೆಟ್ಟಿಲು

ಚಿಕಿತ್ಸೆಯ ವಿಧಾನಗಳು ಹಲವು. ಹೆಚ್ಚಾಗಿ ಬಳಕೆಯಲ್ಲಿರುವ ನಾಲ್ಕನ್ನು ಉದಾಹರಣೆಯೊಡನೆ ನೋಡೋಣ.

ಬಸ್ ಅಪಘಾತದಲ್ಲಿ ಪಾರಾದ ಒಬ್ಬ ಗುಮಾಸ್ತರು ಬಸ್ ಹತ್ತಲು ಹೆದರುತ್ತಾರೆ ಎಂದಿಟ್ಟುಕೊಳ್ಳಿ. ಆಫೀಸಿಗೆ ಹೋಗುವುದೇ ಕಷ್ಟವಾಗಿದೆ. ಮನೆಯವರು ‘ಧೈರ್ಯ ತಂದುಕೊಳ್ಳಿ’ ಎನ್ನುತ್ತಾರೆ. ಚಿಕಿತ್ಸಕರು ಹಾಗೆನ್ನುವುದಿಲ್ಲ. ಕಾಗದ ತೆಗೆದು ಮೆಟ್ಟಿಲುಗಳ ಪಟ್ಟಿ ಮಾಡಿಸುತ್ತಾರೆ. ಮೊದಲ ವಾರ ಬಸ್ ನಿಲ್ದಾಣದಲ್ಲಿ ಸುಮ್ಮನೆ ನಿಂತು ಬರುವುದು. ಆಮೇಲೆ ನಿಂತ ಬಸ್ಸಿನಲ್ಲಿ ಕುಳಿತು ಇಳಿಯುವುದು. ಆಮೇಲೆ ತಮ್ಮನ ಜೊತೆ ಒಂದು ಸ್ಟಾಪು. ಕೊನೆಗೆ ಒಬ್ಬರೇ ಆಫೀಸಿನವರೆಗೆ. ಪ್ರತಿ ಮೆಟ್ಟಿಲಲ್ಲೂ ಹೆದರಿಕೆ ಇಳಿದ ಮೇಲೆಯೇ ಮುಂದಿನದು.

ಇದರ ಹಿಂದೆ ದೀರ್ಘ ಇತಿಹಾಸವಿದೆ. 1924ರಲ್ಲಿ ಅಮೆರಿಕದ ಮೇರಿ ಕವರ್ ಜೋನ್ಸ್ ಎಂಬ ಮನೋವಿಜ್ಞಾನಿ ಮೊಲ ಕಂಡರೆ ಕಿರುಚುತ್ತಿದ್ದ ಪುಟ್ಟ ಹುಡುಗನ ಹೆದರಿಕೆ ಕಳೆದ ಬಗೆಯನ್ನು ವರದಿ ಮಾಡಿದರು. ಹುಡುಗ ಇಷ್ಟದ ತಿಂಡಿ ತಿನ್ನುತ್ತಿರುವಾಗ ಮೊಲವನ್ನು ದೂರದಲ್ಲಿಟ್ಟು, ದಿನದಿನಕ್ಕೆ ಸ್ವಲ್ಪ ಸ್ವಲ್ಪವೇ ಹತ್ತಿರ ತಂದರು. ದಕ್ಷಿಣ ಆಫ್ರಿಕದ ಮನೋವೈದ್ಯ ಜೋಸೆಫ್ ವೋಲ್ಪೆ 1958ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇಂಥ ವಿಧಾನಕ್ಕೆ ಕ್ರಮಬದ್ಧ ರೂಪ ಕೊಟ್ಟರು.

ಗೀಳಿನ ಕಾಯಿಲೆ: ತೊಳೆಯದೆ ಇರುವ ಅಭ್ಯಾಸ

ಇನ್ನೊಂದು ಮನೆಯಲ್ಲಿ ಗೃಹಿಣಿಯೊಬ್ಬರು ದಿನಕ್ಕೆ ಹತ್ತಾರು ಸಲ ಕೈ ತೊಳೆಯುತ್ತಾರೆ. ಚರ್ಮ ಬಿರಿದಿದೆ, ಆದರೂ ಬಿಡಲಾಗದು. ಮನೆಯವರು ಇದನ್ನು ಅತಿಯಾದ ಮಡಿ ಎಂದು ವರ್ಷಗಟ್ಟಲೆ ಸುಮ್ಮನಿದ್ದಾರೆ. ಮಡಿಯಲ್ಲಿ ಮನಸ್ಸಿಗೆ ಸಮಾಧಾನವಿರುತ್ತದೆ. ಗೀಳಿನಲ್ಲಿ ಅದಿಲ್ಲ. ‘ಇದು ಅತಿಯಾಯಿತು’ ಎಂದು ಸಾಮಾನ್ಯವಾಗಿ ಅವರಿಗೇ ಗೊತ್ತಿರುತ್ತದೆ, ಆದರೂ ತಡೆಯಲಾಗದು.

ಇಲ್ಲಿ ಚಿಕಿತ್ಸಕರ ಕ್ರಮ ಕೇಳಿದವರಿಗೆ ಕ್ರೂರವೆನಿಸಬಹುದು. ಬಾಗಿಲ ಚಿಲಕ ಮುಟ್ಟಿಸಿ, ‘ಈಗ ಕೈ ತೊಳೆಯದೆ ಕುಳಿತಿರಿ, ನಾನೂ ಜೊತೆಗಿರುತ್ತೇನೆ’ ಎನ್ನುತ್ತಾರೆ. ಆತಂಕ ಏರುತ್ತದೆ. ಕೈ ನಡುಗಬಹುದು, ಕಣ್ಣೀರು ಬರಬಹುದು. ತೊಳೆದುಬಿಟ್ಟರೆ ಕ್ಷಣದಲ್ಲಿ ನೆಮ್ಮದಿ. ಆದರೆ ಆ ನೆಮ್ಮದಿಯೇ ಗೀಳನ್ನು ಸಾಕುತ್ತಿರುವ ಆಹಾರ. ‘ತೊಳೆದದ್ದರಿಂದಲೇ ಉಳಿದೆ’ ಎಂದು ಮನಸ್ಸು ಪ್ರತಿ ಸಲವೂ ಕಲಿಯುತ್ತದೆ. ತೊಳೆಯದೆ ಕುಳಿತರೆ ಏರಿದ ಆತಂಕ ಕ್ರಮೇಣ ತಾನಾಗಿಯೇ ಇಳಿಯುತ್ತದೆ. ಹಲವು ದಿನ ಇದನ್ನೇ ಅಭ್ಯಾಸ ಮಾಡಿದಾಗ ಮನಸ್ಸು ಹೊಸ ಪಾಠ ಕಲಿಯುತ್ತದೆ. ಲಂಡನ್ನಿನಲ್ಲಿ ವಿಕ್ಟರ್ ಮೇಯರ್ 1966ರಲ್ಲಿ ವರದಿ ಮಾಡಿದ ಈ ಮಾರ್ಗ ಇಂದು ಗೀಳಿಗೆ ಮುಖ್ಯ ಮನೋಚಿಕಿತ್ಸೆಯಾಗಿದೆ.

ಈ ಕಾರಣವನ್ನು ಮೊದಲೇ ತಿಳಿಸದಿದ್ದರೆ ರೋಗಿಗೆ ಹೇಗನ್ನಿಸೀತು? ‘ಗುಣಪಡಿಸಲು ಬಂದರೆ ಹಿಂಸೆ ಕೊಡುತ್ತಾರೆ’ ಎಂದು ಎದ್ದು ಹೋಗುತ್ತಾರೆ. ಕಾರಣ ತಿಳಿದವರು ಅದೇ ಕಷ್ಟವನ್ನು ಹಲ್ಲುಕಚ್ಚಿ ಸಹಿಸುತ್ತಾರೆ. ವಿಧಾನವನ್ನು ಅರಿಯುವುದು ಚಿಕಿತ್ಸೆಯ ಭಾಗವೇ ಆಗುವುದು ಹೀಗೆ. ಅಂಥ ಅಭ್ಯಾಸ ನಿಮ್ಮ ಒಪ್ಪಿಗೆಯಿಂದ, ನೀವು ಒಪ್ಪಿದ ಮೆಟ್ಟಿಲಿನಿಂದಲೇ ಆರಂಭವಾಗಬೇಕು.

ಯೋಚನೆಯ ಲೆಕ್ಕಪತ್ರ

ಮೂರನೆಯದು ಯೋಚನೆಗಳನ್ನು ಪರೀಕ್ಷಿಸುವ ವಿಧಾನ. ಅಮೆರಿಕದ ಫಿಲಡೆಲ್ಫಿಯದ ಮನೋವೈದ್ಯ ಏರನ್ ಬೆಕ್ 1960ರ ದಶಕದಲ್ಲಿ ಇದನ್ನು ರೂಪಿಸಿದರು. ಖಿನ್ನತೆಯ ರೋಗಿಗಳ ಮನಸ್ಸಿನಲ್ಲಿ ಕರೆಯದೆಯೇ ಬಂದುಹೋಗುವ ಕೆಲವು ಯೋಚನೆಗಳಿರುತ್ತವೆ, ಅವನ್ನು ಅವರು ಪರೀಕ್ಷಿಸದೆ ನಂಬಿಬಿಡುತ್ತಾರೆ ಎಂದು ಬೆಕ್ ಗಮನಿಸಿದರು. 2021ರಲ್ಲಿ, ನೂರು ತುಂಬಿದ ಮೇಲೆ ತೀರಿಕೊಂಡ ಅವರ ವಿಧಾನ ಇಂದು ಲೋಕದೆಲ್ಲೆಡೆ ಬಳಕೆಯಲ್ಲಿದೆ.

ಶಿಕ್ಷಕಿಯೊಬ್ಬರು ಬೆಳಿಗ್ಗೆ ನಮಸ್ಕಾರ ಹೇಳಿದಾಗ ಹೆಡ್‌ಮಾಸ್ತರು ನೋಡದೆ ಹೋದರು ಎನ್ನೋಣ. ‘ನನ್ನ ಮೇಲೆ ಅವರಿಗೆ ಸಿಟ್ಟು. ನಾನು ಕೆಲಸಕ್ಕೆ ಬಾರದವಳು’ ಎಂಬ ಯೋಚನೆ ಹೊಳೆಯುತ್ತದೆ. ದಿನವೆಲ್ಲ ಮಂಕು ಕವಿಯುತ್ತದೆ. ಚಿಕಿತ್ಸಕರು ‘ಹಾಗೆಲ್ಲ ಯೋಚಿಸಬೇಡಿ ಅಮ್ಮ’ ಎಂದು ಸಮಾಧಾನ ಹೇಳುವುದಿಲ್ಲ. ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ ಮೂರು ಕಾಲಂ ಮಾಡಿಸುತ್ತಾರೆ. ಏನಾಯಿತು, ಏನು ಯೋಚನೆ ಬಂತು, ಆ ಯೋಚನೆಗೆ ಪರವಾಗಿ ಮತ್ತು ವಿರೋಧವಾಗಿ ಏನು ಸಾಕ್ಷ್ಯವಿದೆ. ಅಂದು ಶಾಲೆಗೆ ಇನ್‌ಸ್ಪೆಕ್ಟರ್ ಬರುವವರಿದ್ದರು, ಹೆಡ್‌ಮಾಸ್ತರು ಬೇರೆಯವರನ್ನೂ ಮಾತಾಡಿಸಲಿಲ್ಲ ಎಂಬುದು ಬರೆಯುವಾಗ ನೆನಪಾಗುತ್ತದೆ.

ಇದು ‘ಎಲ್ಲ ಒಳ್ಳೆಯದೇ’ ಎಂದು ನಂಬಿಸುವ ಉಪಾಯವಲ್ಲ. ಕೆಲವೊಮ್ಮೆ ಹೆಡ್‌ಮಾಸ್ತರಿಗೆ ನಿಜವಾಗಿಯೂ ಸಿಟ್ಟಿರಬಹುದು. ಆಗ ಅದನ್ನು ಹೇಗೆ ಎದುರಿಸುವುದೆಂದು ಚಿಕಿತ್ಸಕರ ಜೊತೆ ಕೂತು ಯೋಚಿಸಬೇಕು. ಮನೆಯಲ್ಲಿ ಬರೆದುಕೊಂಡು ಬನ್ನಿ ಎಂದು ಅವರು ಹೇಳುವುದು ಇದಕ್ಕಾಗಿಯೇ. ವಾರದ ಒಂದು ಗಂಟೆ ಚಿಕಿತ್ಸಕರದು, ಉಳಿದ ಗಂಟೆಗಳು ನಿಮ್ಮವು. ಕಲಿತದ್ದು ಬೇರೂರುವುದು ಆ ಉಳಿದ ಗಂಟೆಗಳಲ್ಲಿ.

ಮೊದಲು ಕೆಲಸ, ಆಮೇಲೆ ಉತ್ಸಾಹ

ನಾಲ್ಕನೆಯದು ಬಹಳ ಸರಳ. ಖಿನ್ನತೆ ಬಂದವರು ‘ಮನಸ್ಸು ಸರಿಹೋದ ಮೇಲೆ ಎಲ್ಲ ಮಾಡುತ್ತೇನೆ’ ಎಂದು ಹಾಸಿಗೆ ಹಿಡಿಯುತ್ತಾರೆ. ಕೆಲಸ ಬಿಟ್ಟಷ್ಟೂ ಸಂತೋಷದ ಸಂದರ್ಭ ಕಡಿಮೆಯಾಗಿ ಮನಸ್ಸು ಇನ್ನೂ ಕುಸಿಯುತ್ತದೆ. ಚಿಕಿತ್ಸಕರು ಈ ಸುತ್ತನ್ನು ಇನ್ನೊಂದು ತುದಿಯಿಂದ ಬಿಡಿಸುತ್ತಾರೆ. ಬೆಳಿಗ್ಗೆ ಗಿಡಕ್ಕೆ ನೀರು ಹಾಕುವುದು, ಸಂಜೆ ನೆರೆಯವರ ಜೊತೆ ಹತ್ತು ನಿಮಿಷ ಕೂರುವುದು, ಹೀಗೆ ಚಿಕ್ಕ ಕೆಲಸಗಳನ್ನು ದಿನಚರಿಯಲ್ಲಿ ಗೊತ್ತುಮಾಡುತ್ತಾರೆ. ಉತ್ಸಾಹ ಬರಲೆಂದು ಕಾಯುವುದಿಲ್ಲ.

ಇದರ ಫಲವನ್ನು ನಮ್ಮ ನೆರೆಯ ಗೋವಾದಲ್ಲಿಯೇ ಅಳೆದು ನೋಡಲಾಗಿದೆ. ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಹತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ನಡೆಸಿದ ಅಧ್ಯಯನ 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ಸಂಚಿಕೆಯಲ್ಲಿ ಪ್ರಕಟವಾಯಿತು. ಸುಮಾರು 500 ಖಿನ್ನತೆಯ ರೋಗಿಗಳು ಅದರಲ್ಲಿದ್ದರು. ಚಿಕಿತ್ಸೆ ಕೊಟ್ಟವರು ಡಾಕ್ಟರುಗಳಲ್ಲ, ತರಬೇತಿ ಪಡೆದ ಸಾಮಾನ್ಯ ಜನ. ಆರರಿಂದ ಎಂಟು ಭೇಟಿಗಳ ಈ ಚಿಕಿತ್ಸೆಯನ್ನೂ ಪಡೆದವರಲ್ಲಿ ಮೂರು ತಿಂಗಳಿಗೆ ನೂರಕ್ಕೆ 64 ಮಂದಿ ಖಿನ್ನತೆಯಿಂದ ಹೊರಬಂದಿದ್ದರು. ಆರೋಗ್ಯ ಕೇಂದ್ರದ ಮಾಮೂಲು ಆರೈಕೆಯನ್ನು ಸುಧಾರಿಸಿ ಕೊಟ್ಟವರಲ್ಲಿ ಆ ಪ್ರಮಾಣ 39. ಬರೀ ಮಾತಿನಿಂದ ಏನಾದೀತು ಎನ್ನುವವರು ಈ ಅಂಕಿಗಳನ್ನು ನೋಡಬೇಕು. ಎಲ್ಲರಿಗೂ ಗುಣವಾಗಲಿಲ್ಲ ಎಂಬುದನ್ನೂ ಅದೇ ಅಂಕಿಗಳು ಹೇಳುತ್ತವೆ.

ಸಲಹೆ ಏಕೆ ಕೊಡುವುದಿಲ್ಲ?

‘ಡಾಕ್ಟ್ರೇ, ನಾನು ಈ ಮದುವೆಗೆ ಒಪ್ಪಲೋ ಬೇಡವೋ, ನೀವೇ ಹೇಳಿಬಿಡಿ’ ಎಂದು ಕೇಳಿದರೆ ಹೆಚ್ಚಿನ ಚಿಕಿತ್ಸಕರು ಹೇಳುವುದಿಲ್ಲ. ‘ನಿಮಗೆ ಏನನ್ನಿಸುತ್ತದೆ?’ ಎಂದು ಮರುಪ್ರಶ್ನೆ ಹಾಕುತ್ತಾರೆ. ಇದು ನುಣುಚಿಕೊಳ್ಳುವ ಮಾತಲ್ಲ. ತೀರ್ಮಾನವನ್ನು ಅವರು ಮಾಡಿಕೊಟ್ಟರೆ ಮುಂದಿನ ತೀರ್ಮಾನಕ್ಕೂ ನೀವು ಅವರಲ್ಲಿಗೇ ಓಡಬೇಕಾಗುತ್ತದೆ. ಅಮೆರಿಕದ ಕಾರ್ಲ್ ರೋಜರ್ಸ್ 1957ರ ಲೇಖನವೊಂದರಲ್ಲಿ ಚಿಕಿತ್ಸಕರಲ್ಲಿ ಇರಬೇಕಾದ ಮೂರು ಗುಣಗಳನ್ನು ಒತ್ತಿಹೇಳಿದರು: ಎದುರಿನವರ ಜಾಗದಲ್ಲಿ ನಿಂತು ಅವರ ನೋವನ್ನು ಅರಿಯುವುದು, ಷರತ್ತಿಲ್ಲದೆ ಅವರನ್ನು ಗೌರವಿಸುವುದು, ಒಳಗೊಂದು ಹೊರಗೊಂದು ಇಲ್ಲದಿರುವುದು. ಚಿಕಿತ್ಸಕರು ಮೌನವಾಗಿ ಕಾಯುವಾಗಲೂ ಕೆಲಸ ನಡೆಯುತ್ತಿರುತ್ತದೆ. ನಿಮ್ಮ ಮಾತು ಪೂರ್ತಿಯಾಗಲೆಂದು ಅವರು ಜಾಗ ಬಿಟ್ಟಿರುತ್ತಾರೆ.

ಆದರೆ ನಮ್ಮಲ್ಲಿ ಹಿರಿಯರು ದಾರಿ ತೋರಬೇಕು ಎಂಬ ನಿರೀಕ್ಷೆ ಸಹಜ. ಮನೋವೈದ್ಯ ಜೆ. ಎಸ್. ನೇಕಿ 1973ರ ಲೇಖನದಲ್ಲಿ ಗುರು-ಶಿಷ್ಯ ಸಂಬಂಧವೇ ಭಾರತದಲ್ಲಿ ಚಿಕಿತ್ಸೆಗೆ ಮಾದರಿಯಾಗಬಹುದು ಎಂಬ ವಿಚಾರವನ್ನು ಮುಂದಿಟ್ಟರು. ಆದ್ದರಿಂದ ನಮ್ಮ ಚಿಕಿತ್ಸಕರಲ್ಲಿ ಕೆಲವರು ಹೆಚ್ಚು ಮಾರ್ಗದರ್ಶನ ಮಾಡುತ್ತಾರೆ, ಕೆಲವರು ಹೆಚ್ಚು ಆಲಿಸುತ್ತಾರೆ. ನಿಮ್ಮ ಚಿಕಿತ್ಸಕರು ಯಾವ ಬಗೆಯವರೆಂದು ಕೇಳಿ ತಿಳಿಯಬಹುದು.

ಮನೆಯವರನ್ನು ಜೊತೆಗೆ ಕರೆಯುವುದೂ ನಮ್ಮ ಪದ್ಧತಿಯ ವಿಶೇಷ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾ ಸಾಗರ್ ಆವರಣದಲ್ಲಿಯೇ ಡೇರೆ ಹಾಕಿಸಿ, ರೋಗಿಗಳ ಜೊತೆ ಮನೆಯವರೂ ಉಳಿಯುವಂತೆ ಮಾಡಿದರು. ಕಾಯಿಲೆಯನ್ನು ಅರಿತ ಕುಟುಂಬ ರೋಗಿಯನ್ನು ಮನೆಗೆ ಕರೆದೊಯ್ಯಲು ಸಿದ್ಧವಾಗುತ್ತಿತ್ತು. ನಿಮ್ಹಾನ್ಸ್‌ನಲ್ಲಿಯೂ ಕುಟುಂಬಗಳಿಗೆಂದೇ ಮನೋಚಿಕಿತ್ಸಾ ಕೇಂದ್ರವಿದೆ. ಮನೆಯವರನ್ನು ಕರೆಯಿರಿ ಎಂದರೆ ತಪ್ಪು ಹೊರಿಸಲು ಕರೆಯುತ್ತಾರೆಂದು ತಿಳಿಯಬೇಡಿ.

ಗುಟ್ಟು ಉಳಿಯುವುದೇ?

‘ನಾನು ಹೇಳಿದ್ದು ಅತ್ತೆಯವರಿಗೆ ಗೊತ್ತಾದರೆ?’ ಎಂಬ ಅಳುಕು ಬಹಳ ಜನರ ಬಾಯಿ ಕಟ್ಟುತ್ತದೆ. 2018ರ ಮೇ ತಿಂಗಳಿಂದ ಜಾರಿಯಲ್ಲಿರುವ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ನಿಮ್ಮ ಕಾಯಿಲೆ ಮತ್ತು ಚಿಕಿತ್ಸೆಯ ವಿವರ ಗೋಪ್ಯವಾಗಿರಬೇಕೆಂದು ಹೇಳುತ್ತದೆ. ನೀವು ನೇಮಿಸಿದ ಪ್ರತಿನಿಧಿಗೆ, ಚಿಕಿತ್ಸೆಗೆ ಅಗತ್ಯವಾದ ಬೇರೆ ವೈದ್ಯರಿಗೆ, ಜೀವಕ್ಕೆ ಅಪಾಯವಿದ್ದಾಗ, ನ್ಯಾಯಾಲಯದ ಆದೇಶವಿದ್ದಾಗ ಮೊದಲಾದ ಕೆಲವು ಸಂದರ್ಭಗಳಲ್ಲಿ ಮಾತ್ರ ತಿಳಿಸಬಹುದು. ನಿಮ್ಮ ಕಾಯಿಲೆ, ಚಿಕಿತ್ಸೆಯ ಯೋಜನೆ ಮತ್ತು ಅದರ ಅಡ್ಡ ಪರಿಣಾಮಗಳ ಬಗ್ಗೆ ತಿಳಿಯುವ ಹಕ್ಕನ್ನೂ ಅದೇ ಕಾಯಿದೆ ಕೊಟ್ಟಿದೆ. ಆದ್ದರಿಂದ ಪ್ರಶ್ನೆ ಕೇಳುವುದು ಅಧಿಕಪ್ರಸಂಗವಲ್ಲ.

ಕೇಳಬೇಕಾದ ಪ್ರಶ್ನೆಗಳು

ಮೊದಲ ಭೇಟಿಗೆ ಹೋಗುವಾಗ ಒಂದು ಚೀಟಿಯಲ್ಲಿ ಇವನ್ನು ಬರೆದುಕೊಂಡು ಹೋಗಿ:

1. ನಿಮ್ಮ ವಿದ್ಯಾರ್ಹತೆ ಮತ್ತು ತರಬೇತಿ ಏನು? ಎಲ್ಲಿ ನೋಂದಾಯಿಸಿಕೊಂಡಿದ್ದೀರಿ?
2. ನನ್ನ ತೊಂದರೆ ಏನೆಂದು ನೀವು ತಿಳಿದಿದ್ದೀರಿ?
3. ಯಾವ ವಿಧಾನ ಬಳಸುತ್ತೀರಿ? ಅದನ್ನೇ ಏಕೆ?
4. ಅಂದಾಜು ಎಷ್ಟು ಭೇಟಿ ಬೇಕು? ಫೀಜು ಎಷ್ಟು?
5. ಮನೆಯಲ್ಲಿ ನಾನು ಮಾಡಬೇಕಾದದ್ದೇನು?
6. ಗುಣವಾಗುತ್ತಿದೆಯೆಂದು ಹೇಗೆ ತಿಳಿಯುವುದು? ಆಗದಿದ್ದರೆ ಮುಂದೇನು?

ಒಳ್ಳೆಯ ಚಿಕಿತ್ಸಕರು ಈ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ. ಸರಳ ಕನ್ನಡದಲ್ಲಿ ಉತ್ತರಿಸುತ್ತಾರೆ.

ಕೆಲವು ಲಕ್ಷಣ ಕಂಡರೆ ಮಾತ್ರ ಎಚ್ಚರದಿಂದಿರಿ. ‘ಮೂರು ಭೇಟಿಯಲ್ಲಿ ಗ್ಯಾರಂಟಿ ಗುಣ’ ಎನ್ನುವವರು, ಡಾಕ್ಟರು ಕೊಟ್ಟ ಮಾತ್ರೆಯನ್ನು ಅವರನ್ನು ಕೇಳದೆ ನಿಲ್ಲಿಸಿ ಎನ್ನುವವರು, ‘ಇಲ್ಲಿ ನಡೆದದ್ದನ್ನು ಯಾರಿಗೂ ಹೇಳಬೇಡಿ’ ಎಂದು ನಿಮ್ಮ ಬಾಯಿ ಮುಚ್ಚಿಸುವವರು, ಸಾಲ ಕೇಳುವವರು, ಸಲುಗೆ ಮೀರಿ ಮೈ ಮುಟ್ಟುವವರು ಚಿಕಿತ್ಸಕರ ಧರ್ಮ ಮೀರಿದವರು. ಗುಟ್ಟನ್ನು ಕಾಯುವ ಹೊಣೆ ಅವರದು, ನಿಮ್ಮದಲ್ಲ. ಅಂಥ ಕಡೆ ಮುಂದುವರಿಯಬೇಡಿ. ಮನೆಯವರಿಗೆ ತಿಳಿಸಿ, ದೂರು ಕೊಡಲು ಹಿಂಜರಿಯಬೇಡಿ.

ಇಂಥ ದೋಷವೇನೂ ಇಲ್ಲದೆ ಬರೀ ಹೊಂದಾಣಿಕೆಯಾಗದಿದ್ದರೆ, ಬಿಡುವ ಮುನ್ನ ಅದನ್ನು ಅವರಿಗೇ ಹೇಳಿ. ‘ಮೇಡಂ, ಇದರಿಂದ ನನಗೆ ಉಪಯೋಗವಾಗುತ್ತಿಲ್ಲ ಅನಿಸುತ್ತಿದೆ’ ಎಂಬ ಒಂದು ಮಾತಿನಿಂದ ವಿಧಾನ ಬದಲಾಗಬಹುದು, ಅಥವಾ ಅವರೇ ಸರಿಯಾದ ಇನ್ನೊಬ್ಬರನ್ನು ಸೂಚಿಸಬಹುದು.

ಎಲ್ಲಿ ಹೋಗುವುದು?

ದೊಡ್ಡ ನಗರದಲ್ಲಿ ಇಲ್ಲದವರೂ ನಿರಾಶರಾಗಬೇಕಿಲ್ಲ. ನಿಮ್ಹಾನ್ಸ್ ತಜ್ಞರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗದ ಮಾದರಿಯಲ್ಲಿ 1996ರಿಂದ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗ ಎಲ್ಲಿದೆ ಎಂದು ವಿಚಾರಿಸಿ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು-ರಾತ್ರಿ ತೆರೆದಿರುತ್ತದೆ. ಕರೆ ಉಚಿತ, ಕನ್ನಡದಲ್ಲಿಯೇ ಮಾತಾಡಬಹುದು. ಸಾಯುವ ಯೋಚನೆ ಬರುತ್ತಿದ್ದರೆ ಮುಂದಿನ ಭೇಟಿಯ ದಿನಕ್ಕಾಗಿ ಕಾಯದೆ ಅಂದೇ ಕರೆ ಮಾಡಿ, ಅಥವಾ ಹತ್ತಿರದ ಆಸ್ಪತ್ರೆಗೆ ಹೋಗಿ. ಅಂಥವರು ಮನೆಯಲ್ಲಿದ್ದರೆ ಒಬ್ಬರನ್ನೇ ಬಿಡಬೇಡಿ.

ಕಡೆಯದಾಗಿ ಒಂದು ಸಂಗತಿ. ‘ಮಾತಿನ ಚಿಕಿತ್ಸೆ’ ಎಂಬ ಹೆಸರನ್ನು ಇಟ್ಟವರು ವೈದ್ಯರಲ್ಲ. 1880ರ ದಶಕದ ಆರಂಭದಲ್ಲಿ ವಿಯೆನ್ನಾದ ವೈದ್ಯ ಜೋಸೆಫ್ ಬ್ರಾಯರ್ ಬಳಿ ಚಿಕಿತ್ಸೆ ಪಡೆಯುತ್ತಿದ್ದ ಬರ್ಥಾ ಪಾಪನ್‌ಹೈಮ್ ಎಂಬ ತರುಣಿ ಇಟ್ಟ ಹೆಸರು ಅದು. ಬ್ರಾಯರ್ ಮತ್ತು ಸಿಗ್ಮಂಡ್ ಫ್ರಾಯ್ಡ್ 1895ರಲ್ಲಿ ಆಕೆಯ ಹೆಸರು ಮರೆಮಾಡಿ ಆ ಕಥೆ ಪ್ರಕಟಿಸಿದರು. ಆಕೆ ಆ ಚಿಕಿತ್ಸೆಯೊಂದರಿಂದಲೇ ಪೂರ್ತಿ ಗುಣವಾಗಲಿಲ್ಲ, ಆಮೇಲೂ ಆಸ್ಪತ್ರೆ ಸೇರಬೇಕಾಯಿತು. ಮುಂದೆ ಚೇತರಿಸಿಕೊಂಡು ಜರ್ಮನಿಯಲ್ಲಿ ಹೆಸರಾಂತ ಸಮಾಜ ಸೇವಕಿಯಾದರು. ತನಗೆ ಏನು ನಡೆಯುತ್ತಿದೆಯೆಂದು ಗಮನಿಸಿ ಅದಕ್ಕೊಂದು ಹೆಸರು ಕೊಡಲು ರೋಗಿಗೂ ಸಾಧ್ಯವಾಯಿತು. ನಿಮ್ಮ ಮುಂದಿನ ಭೇಟಿಯಲ್ಲಿ ನೀವೂ ‘ಇದನ್ನು ಏಕೆ ಮಾಡಿಸುತ್ತಿದ್ದೀರಿ?’ ಎಂದು ಕೇಳಿ ನೋಡಿ.